ಉತ್ತರ: 12 ಕಂತಿನ ಪ್ರೋಗ್ ರಾಕ್ ಸರಣಿ, ಫೇಡ್ ಮಾಡುವ ಮೊದಲು

ಪ್ರೋಗ್ ರಾಕ್ (ಉದ್ದುದ್ದ, ಹಲವು ಭಾಗಗಳಾಗಿ ಹೆಣೆದ ರಾಕ್ ಸಂಗೀತ) ಸರಣಿಯ ನಿಮ್ಮ ಪಟ್ಟಿ ನೋಡಿದೆ. ಉಡುಪಿಯ ಸಮುದಾಯ ರೇಡಿಯೋದಲ್ಲಿ ಭಾನುವಾರ ರಾತ್ರಿ ಅರ್ಧ ಗಂಟೆ, 12 ಕಂತು, 1967 ರಿಂದ ಶುರು ಮಾಡಿ ಕಂತಿಗೆ ಒಂದೆರಡು ವರ್ಷ, ಕೊನೆಗೆ ‘ಉದ್ದದ ಹಾಡುಗಳನ್ನು 4 ನಿಮಿಷಕ್ಕೆ ಫೇಡ್ ಮಾಡಿದರಾಯ್ತು’ ಅಂತ ಒಂದು ಸಾಲು, ಅಂದರೆ ಸದ್ದು ಮೆಲ್ಲ ಇಳಿಸಿ ಅಲ್ಲಿಗೇ ನಿಲ್ಲಿಸುವುದು. ಈ ಉತ್ತರ ಆ ಕೊನೆಯ ಸಾಲಿಗೆ. ಇದೇ ಫೇಡು ನಾನೂ ಮಾಡಿದವನೇ. ಬೇಡ ಮಾರಾಯ್ರೇ.

ಯಕ್ಷಗಾನದ ಕಾಲಮಿತಿ ಆಟ ನೋಡಿದ್ದೀರಲ್ಲ? ಇಡೀ ರಾತ್ರಿಯ ಪ್ರಸಂಗವನ್ನು ಮೂರು ಗಂಟೆಗೆ ಇಳಿಸುವಾಗ ಪದ್ಯಗಳನ್ನು ಬಿಡುತ್ತಾರೆ, ಒಂದಿಡೀ ಸನ್ನಿವೇಶವನ್ನೇ ಹಾರಿಸುತ್ತಾರೆ. ಆದರೆ ಎತ್ತಿಕೊಂಡ ಪದ್ಯದ ನಡುವೆ ಭಾಗವತರು ಜಾಗಟೆ ಕೆಳಗಿಡುವುದಿಲ್ಲ. ಪ್ರೋಗ್‌ಗೂ ಅದೇ ನ್ಯಾಯ. ಯೆಸ್ ತಂಡದವರ ‘ಕ್ಲೋಸ್ ಟು ದಿ ಎಡ್ಜ್’ 18 ನಿಮಿಷ 40 ಸೆಕೆಂಡಿನ ಆಸುಪಾಸು. ಹಕ್ಕಿ, ನೀರಿನ ಸದ್ದಿನಿಂದ ಮೆಲ್ಲ ಏಳುತ್ತದೆ, ಆಮೇಲೆ ವಾದ್ಯಗಳ ಗಲಾಟೆ, ಸಾಹಿತ್ಯ ಬಾಯಿಗೆ ಬರುವುದೇ ಸುಮಾರು 4 ನಿಮಿಷದ ಹೊತ್ತಿಗೆ. ನೀವು ಅಲ್ಲಿಗೇ ಫೇಡರ್ ಇಳಿಸುತ್ತೀರಿ. ಜೆನೆಸಿಸ್ ತಂಡದ ‘ಸಪ್ಪರ್ಸ್ ರೆಡಿ’ಯ ಮೊದಲ ಭಾಗ 3:47 ರ ಸುಮಾರಿಗೆ ಮುಗಿಯುತ್ತದೆ. ನಿಮ್ಮ 4 ನಿಮಿಷದ ಲೆಕ್ಕದಲ್ಲಿ ಎರಡನೆಯ ಭಾಗಕ್ಕೆ ಉಸಿರಾಡಲು ಸಿಗುವುದು 13 ಸೆಕೆಂಡು. ಕೇಳುವವರು ಫೋನ್ ಮಾಡಿ ಕೇಳುವುದು ಒಂದೇ: ಕರೆಂಟು ಹೋಯಿತಾ?

ಕಂತಿನ ಪಟ್ಟಿಯಲ್ಲಿ ಮೊದಲು ಇರಬೇಕಾದ್ದು ಸೆಕೆಂಡು, ವರ್ಷ ಆಮೇಲೆ. ಅರ್ಧ ಗಂಟೆಯ ಸ್ಲಾಟ್ ಅಂದರೆ ಸ್ಟೇಷನ್ ಐಡಿ, ಪ್ರಾಯೋಜಕರ ಮಾತು, ಮುಂದಿನ ಕಾರ್ಯಕ್ರಮದ ಪ್ರೋಮೋ ಎಲ್ಲ ಕಳೆದು ಕೈಗೆ ಸಿಗುವುದು 27:30 ಅಂತ ಇಟ್ಟುಕೊಳ್ಳಿ. ನಿಮ್ಮ ಸ್ಟೇಷನ್ನಿನಲ್ಲಿ 28 ಇದ್ದರೆ ಖುಷಿ ಪಡಿ, ಆದರೆ ಕೂಡಿಸುವುದು 27:30 ಕ್ಕೇ. ಈಗ ನೋಡಿ, ‘ಸಪ್ಪರ್ಸ್ ರೆಡಿ’ 23 ನಿಮಿಷ. ಪೂರ್ತಿ ಹಾಕಿದರೂ ಮಾತಿಗೆ 4:30 ಉಳಿಯಿತು. ಮೊದಲಿಗೆ ಎರಡೂವರೆ ನಿಮಿಷದ ಕಥಾಸಾರ, ಕೊನೆಗೆ ಒಂದೂಕಾಲು, ಉಳಿದ ಮುಕ್ಕಾಲು ಶೀರ್ಷಿಕೆ ಸಂಗೀತಕ್ಕೆ. ಎಲ್‌ಪಿ ರೆಕಾರ್ಡಿನ ಒಂದು ಬದಿಗೆ ಹಿಡಿಯುವುದೇ ಇಪ್ಪತ್ತು ಚಿಲ್ಲರೆ ನಿಮಿಷ, ಆ ಕಾಲದ ದೊಡ್ಡ ಹಾಡುಗಳಲ್ಲಿ ಹೆಚ್ಚಿನವು ಅದೇ ಅಳತೆಗೆ ಹೊಲಿದವು, ಹಾಗಾಗಿ ಅರ್ಧ ಗಂಟೆಯ ಸ್ಲಾಟಿಗೆ ಸರಿಯಾಗಿ ಕೂರುತ್ತವೆ. ಪಿಂಕ್ ಫ್ಲಾಯ್ಡ್‌ನ ‘ಎಕೋಸ್’ 23:31, ರಷ್‌ನ ‘2112’ 20:33, ಕ್ಯಾರವಾನ್‌ನ ‘ನೈನ್ ಫೀಟ್ ಅಂಡರ್‌ಗ್ರೌಂಡ್’ 22 ಚಿಲ್ಲರೆ. 12 ರಲ್ಲಿ ಮೂರು ಕಂತು ಹೀಗೆ ‘ಒಂದೇ ಹಾಡಿನ ಕಂತು’ ಮಾಡಿ, 4, 8, 12 ನೆಯದು. ಉಳಿದ ಒಂಬತ್ತರಲ್ಲಿ 9 ನಿಮಿಷಕ್ಕಿಂತ ಉದ್ದದ್ದು ಬೇಡ. ಕೂರದೇ ಇರುವುದಕ್ಕೆ ಉದಾಹರಣೆ ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡದ ‘ಕಾರ್ನ್ ಈವಿಲ್ 9’. ಅದು ಅರ್ಧ ಗಂಟೆಗೆ ಅರ್ಧ ನಿಮಿಷವೂ ಕಮ್ಮಿ ಇಲ್ಲ, ಎಲ್‌ಪಿಯಲ್ಲೇ ಎರಡು ಬದಿಗೆ ಹರಿದು ಹಾಕಿದ್ದಾರೆ.

ಕತ್ತರಿಸಲೇಬೇಕಾದರೆ ಬಾಗಿಲು ಇರುವಲ್ಲಿ ಕತ್ತರಿಸಿ. ‘ಸಪ್ಪರ್ಸ್ ರೆಡಿ’ಯಲ್ಲಿ ಏಳು ಭಾಗ, ಐದನೆಯ ‘ವಿಲೋ ಫಾರ್ಮ್’ 11:05 ರ ಹತ್ತಿರ ಧಡಕ್ಕನೆ ಶುರು. ಅಲ್ಲಿಂದ ಕೊನೆಯವರೆಗೆ 12 ನಿಮಿಷ. ಮೊದಲರ್ಧವನ್ನು ಬಾಯಲ್ಲಿ ಹೇಳಿ ಇದನ್ನು ಪೂರ್ತಿ ಬಿಡಿ, ಯಾರಿಗೂ ಮೋಸ ಆಗುವುದಿಲ್ಲ. ಈ ಭಾಗಕ್ಕೆ ಜೆನೆಸಿಸ್‌ನ ಗಾಯಕ ಪೀಟರ್ ಗೇಬ್ರಿಯಲ್ ಮುಖದ ಸುತ್ತ ಹೂವಿನ ದಳ ಕಟ್ಟಿಕೊಂಡು ಹಾಡುತ್ತಿದ್ದ. 1972 ರಲ್ಲಿ ಡಬ್ಲಿನ್‌ನಲ್ಲಿ ಹೆಂಡತಿಯ ಕೆಂಪು ಗೌನು ಹಾಕಿ, ನರಿಯ ತಲೆ ಇಟ್ಟುಕೊಂಡು ವೇದಿಕೆಗೆ ಬಂದವನೂ ಅವನೇ. ವೇಷ ಅಂದರೆ ಏನು ಅಂತ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಎರಡು ಸಾಲು ಸಾಕು. ‘ಕ್ಲೋಸ್ ಟು ದಿ ಎಡ್ಜ್’ನ ಬಾಗಿಲು 8:30 ರ ಆಸುಪಾಸು, ಗಲಾಟೆ ನಿಂತು ನೀರು ತೊಟ್ಟಿಕ್ಕುವ ಹಾಗೆ ಆಗುವಲ್ಲಿ. ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್’ ಆಲ್ಬಂನಲ್ಲಿ ಇರುವುದು ಒಂದೇ ದೊಡ್ಡ ಬಾಗಿಲು, ‘ದಿ ಗ್ರೇಟ್ ಗಿಗ್’ ಮುಗಿದು ‘ಮನಿ’ ಶುರುವಾಗುವ ಮೊದಲು, ಯಾಕೆಂದರೆ ಎಲ್‌ಪಿ ಮಗುಚುವುದು ಅಲ್ಲಿ. ಉಳಿದ ಹಾಡುಗಳು ಒಂದಕ್ಕೊಂದು ಅಂಟಿಕೊಂಡಿವೆ.

ಇದಕ್ಕಿಂತ ದೊಡ್ಡ ಗುಂಡಿ ಸೈಲೆನ್ಸ್ ಡಿಟೆಕ್ಟರ್. ನಿಮ್ಮ ಎರಡನೆಯ ಕಂತಿನಲ್ಲಿ ಕಿಂಗ್ ಕ್ರಿಮ್ಸನ್‌ನ ‘ಮೂನ್‌ಚೈಲ್ಡ್’ ಕಂಡೆ. 12 ನಿಮಿಷದ ಹಾಡು, ಮೊದಲ ಎರಡೂವರೆ ನಿಮಿಷ ಮಾತ್ರ ಹಾಡು, ಆಮೇಲೆ ಗಿಟಾರು, ವೈಬ್ರಾಫೋನು, ಡ್ರಮ್ಮು ಮೂರೂ ಪಿಸುಗುಡುತ್ತಾ ಕೂರುತ್ತವೆ. ಸ್ಟೇಷನ್ನನ್ನು ತಾನಾಗಿ ನಡೆಸುವ ಆಟೋಮೇಶನ್ ಸಾಫ್ಟ್‌ವೇರಿನಲ್ಲಿ ಡಿಟೆಕ್ಟರನ್ನು ಮೈನಸ್ 40 ಡಿಬಿ, 15 ಸೆಕೆಂಡು ಅಂತಲೋ ಏನೋ ಇಟ್ಟಿರುತ್ತಾರೆ. ಮಟ್ಟ ಅದಕ್ಕಿಂತ ಕೆಳಗೆ ಅಷ್ಟು ಹೊತ್ತು ಇದ್ದರೆ ‘ಸ್ಟುಡಿಯೋ ಸತ್ತಿದೆ’ ಅಂತ ತಿಳಿದು ಅದು ತುರ್ತು ಫೈಲ್ ಓಡಿಸುತ್ತದೆ. ಅದು ಭಜನೆಯೋ, ಡೆಂಗ್ಯೂ ಜಾಗೃತಿ ಜಿಂಗಲ್ಲೋ ಆಗಿರುತ್ತದೆ. ಹಾಡು ಮತ್ತೆ ಜೋರಾದಾಗ ಕೆಲವು ಸಾಫ್ಟ್‌ವೇರ್ ತಾನಾಗಿ ಮರಳುತ್ತದೆ, ಕೆಲವಕ್ಕೆ ಯಾರಾದರೂ ಬಂದು ಬಟನ್ ಒತ್ತಬೇಕು. ಭಾನುವಾರ ರಾತ್ರಿ ಯಾರಿರುತ್ತಾರೆ? ಡಿಟೆಕ್ಟರ್ ಆಫ್ ಮಾಡಿ ಅಂತ ಕೇಳಬೇಡಿ, ಮಾಡಲೂಬಾರದು. ನಿಮ್ಮ ಸ್ಲಾಟಿಗೆ ಮಾತ್ರ 45 ಸೆಕೆಂಡು ಮಾಡಿಸಿ, ಸೋಮವಾರ ಬೆಳಿಗ್ಗೆ ವಾಪಸ್ ಹಾಕಿಸುವುದು ಅಂತ ಲಾಗ್ ಪುಸ್ತಕದಲ್ಲಿ ಬರೆಸಿ. ಅದೂ ಆಗದಿದ್ದರೆ ‘ಮೂನ್‌ಚೈಲ್ಡ್’ ಬಿಡಿ, ಅದೇ ಎಲ್‌ಪಿಯ ‘ಐ ಟಾಕ್ ಟು ದಿ ವಿಂಡ್’ 6:04 ಹಾಕಿ. ಎದೆಬಡಿತದ ಸದ್ದಿನಿಂದ ಶುರುವಾಗುವ ‘ಡಾರ್ಕ್ ಸೈಡ್’ಗೂ, ಹಕ್ಕಿ ನೀರಿನ ‘ಕ್ಲೋಸ್ ಟು ದಿ ಎಡ್ಜ್’ಗೂ ಇದೇ ಅಪಾಯ. ಶುರುವಿನ ಮೆಲುದನಿಯ ಮೇಲೆ 10 ಸೆಕೆಂಡು ನಿಮ್ಮ ಮಾತು ಹಾಸಿದರೆ ಡಿಟೆಕ್ಟರಿಗೂ ಸಮಾಧಾನ. ಹಾಡಿನ ಮೇಲೆ ಮಾತಾಡಲು ನಾನು ಒಪ್ಪುವುದು ಈ ಒಂದು ಕಡೆ ಮಾತ್ರ.

ಡಿಟೆಕ್ಟರಿನ ಅಣ್ಣ ಪ್ರೊಸೆಸರ್, ಪ್ರಸಾರಕ್ಕೆ ಹೋಗುವ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಯಂತ್ರ. ಸದ್ದು ಮೆಲ್ಲಗಾದ ಕೂಡಲೇ ಅದು ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) ಏರಿಸುತ್ತಾ ಹೋಗುತ್ತದೆ, ಟೇಪಿನ ಹಿಸ್ ಮೇಲೆದ್ದು ಬರುತ್ತದೆ, ಆಮೇಲೆ ಬ್ಯಾಂಡ್ ಒಟ್ಟಿಗೆ ಹೊಡೆದಾಗ ‘ದಬಕ್’ ಅಂತ ಅದುಮುತ್ತದೆ. ಅದಕ್ಕೆ ಮೊದಲೇ ಮೆಲುದನಿಯ ಜಾಗವನ್ನು ಕೈಯಾರೆ 4 ರಿಂದ 6 ಡಿಬಿ ಎತ್ತಿ, ಎಡಿಟಿಂಗ್ ಸಾಫ್ಟ್‌ವೇರಿನ ಎನ್ವಲಪ್ ಟೂಲ್‌ನಲ್ಲಿ, 20 ಸೆಕೆಂಡಿನಷ್ಟು ನಿಧಾನದ ಏರಿನಲ್ಲಿ. ಜೋರು-ಮೆಲುವಿನ ಅಂತರವನ್ನೇ ಅದುಮುವ ಕಂಪ್ರೆಸರನ್ನು ಇಡೀ ಹಾಡಿಗೆ ಹಾಕುವುದು ಸೋಮಾರಿ ಕೆಲಸ.

ಇನ್ನು ಮೊದಲ ಕಂತು. ‘ಪ್ರೋಗ್ ಎಂದರೇನು’ ಅಂತ ಅರ್ಧ ಗಂಟೆ ಮಾತಾಡುವ ಯೋಜನೆ ಹರಿದು ಹಾಕಿ. ಒಂದು ಸದ್ದು ಹಿಡಿದುಕೊಳ್ಳಿ: ಮೆಲೋಟ್ರಾನ್ ಅನ್ನುವ ಕೀಬೋರ್ಡು. ಒಂದೊಂದು ಕೀಲಿಯ ಅಡಿಗೆ ಒಂದೊಂದು ಟೇಪ್ ಪಟ್ಟಿ. ಕೀಲಿ ಒತ್ತಿದರೆ ಟೇಪು ಹೆಡ್ಡಿನ ಮೇಲೆ ಜಾರುತ್ತದೆ, ಸುಮಾರು 8 ಸೆಕೆಂಡಿಗೆ ಮುಗಿಯುತ್ತದೆ, ಬೆರಳು ಎತ್ತಿದರೆ ಸ್ಪ್ರಿಂಗು ಹಿಂದಕ್ಕೆಳೆಯುತ್ತದೆ. ಆ ವಯಲಿನ್ ಹಿಂಡು ಯಾಕೆ ಸ್ವಲ್ಪ ನಡುಗುತ್ತದೆ, ನುಡಿಸುವವ ಯಾಕೆ 8 ಸೆಕೆಂಡಿನೊಳಗೆ ಸ್ವರ ಬದಲಿಸುತ್ತಾನೆ ಅನ್ನುವುದು ಒಮ್ಮೆ ಹೇಳಿಬಿಟ್ಟರೆ ಕೇಳುಗ ಮುಂದಿನ 11 ಕಂತು ಅದನ್ನೇ ಹುಡುಕುತ್ತಾನೆ. ಹಾಡುಗಳು: 1967 ರ ಬೀಟಲ್ಸ್ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ 4:07, ಶುರುವಿನ ಕೊಳಲು ಅದರದ್ದೇ. ಅದೇ ವರ್ಷದ ಮೂಡಿ ಬ್ಲೂಸ್ ‘ನೈಟ್ಸ್ ಇನ್ ವೈಟ್ ಸ್ಯಾಟಿನ್’ ಆಲ್ಬಂ ರೂಪ 7:38. ಇದರಲ್ಲಿ ಮೆಲೋಟ್ರಾನ್ ನುಡಿಸಿದ ಮೈಕ್ ಪಿಂಡರ್ ಹಿಂದೆ ಅದನ್ನು ತಯಾರಿಸುವ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದವ. ಕೊನೆಗೆ 1969 ರ ಕಿಂಗ್ ಕ್ರಿಮ್ಸನ್ ‘ಎಪಿಟಾಫ್’ 8:47. ಒಟ್ಟು 20:32, ಮಾತಿಗೆ 6:58. ಇತಿಹಾಸ ಅಲ್ಲೇ ಬಂತಲ್ಲ, ಎರಡೇ ವರ್ಷದಲ್ಲಿ ಪಾಪ್‌ನಿಂದ ಎಲ್ಲಿಗೆ ಹೋಯಿತು ಅಂತ.

ಎರಡನೆಯದು ತಾಳ. ಇಲ್ಲಿ ನಮ್ಮ ಕೈ ಮೇಲು. ಇಂಗ್ಲಿಷ್ ಕಾರ್ಯಕ್ರಮದವರು 7/4 ಅಂತ ಹೇಳಿ ಒದ್ದಾಡುವುದನ್ನು ನೀವು ‘ತಕಿಟ ತಕಧಿಮಿ’ ಅಂತ ಒಂದೇ ಉಸಿರಲ್ಲಿ ತೋರಿಸಬಹುದು. ಮಿಶ್ರ ಚಾಪು, ಆಟದ ತ್ರಿವುಡೆಯ ಏಳು. ಜೆಥ್ರೋ ಟಲ್ ‘ಲಿವಿಂಗ್ ಇನ್ ದಿ ಪಾಸ್ಟ್’ 3:20, ಐದರ ಎಣಿಕೆ. ‘ಮನಿ’ 6:22, ಏಳು, ಗಿಟಾರ್ ಸೋಲೋಗೆ ನಾಲ್ಕಕ್ಕೆ ಹಾರಿ ಮತ್ತೆ ಏಳಕ್ಕೆ. ಗೇಬ್ರಿಯಲ್‌ನ ‘ಸಾಲ್ಸ್‌ಬರಿ ಹಿಲ್’ 4:21, ಅದೂ ಏಳೇ, ಆದರೆ ಎಷ್ಟು ಸಲೀಸು ಅಂದರೆ ಎಣಿಸದಿದ್ದರೆ ಗೊತ್ತೇ ಆಗುವುದಿಲ್ಲ. ಒಟ್ಟು 14:03. ಉಳಿದ 13 ನಿಮಿಷಕ್ಕೆ ಊರಿನ ಮದ್ದಳೆಯವರನ್ನೋ ಮೃದಂಗದವರನ್ನೋ ಕರೆಸಿ ‘ಮನಿ’ಯ ಶುರುವಿನ ನಾಣ್ಯದ ಸದ್ದಿನ ಮೇಲೆ ಏಳು ಹಾಕಿಸಿ. ಆ ಲೂಪು ಟೇಪನ್ನು ಅಳತೆಪಟ್ಟಿಯಿಂದ ಅಳೆದು ಏಳು ತುಂಡು ಅಂಟಿಸಿ ಮಾಡಿದ್ದು. ಒಂದು ಎಚ್ಚರಿಕೆ: ‘ಮನಿ’ಯ ಎರಡನೆಯ ಚರಣದಲ್ಲಿ ಒಂದು ಬೈಗುಳ ಉಂಟು. ಅರ್ಧ ಸೆಕೆಂಡು ಮ್ಯೂಟ್ ಮಾಡದೆ ಕಳಿಸಿದರೆ ಸ್ಟೇಷನ್ನಿಗೆ ತಲೆನೋವು. ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ನ ಸಾಹಿತ್ಯವನ್ನೂ ಮೊದಲು ಓದಿಕೊಳ್ಳಿ.

ಫೈಲುಗಳ ಬಗ್ಗೆ. ಯೂಟ್ಯೂಬಿನಿಂದ ಇಳಿಸಿದ್ದನ್ನು ಪ್ರಸಾರಕ್ಕೆ ತರುವವರನ್ನು ಕಂಡರೆ ಸಿಟ್ಟು ಬರುತ್ತದೆ, ಹೇಳಿಬಿಡುತ್ತೇನೆ. ಸಿಡಿಯಿಂದ ಗುಣಮಟ್ಟ ಕಳೆಯದ ವೇವ್ ಅಥವಾ ಫ್ಲ್ಯಾಕ್ ಫೈಲು, 44.1 ಕಿಲೋಹರ್ಟ್ಜ್, 16 ಬಿಟ್. ಅಂಟಿಕೊಂಡ ಹಾಡುಗಳಿದ್ದರೆ ಇಡೀ ಡಿಸ್ಕನ್ನು ಒಂದೇ ಫೈಲಾಗಿ ತೆಗೆದು ಆಮೇಲೆ ಕತ್ತರಿಸಿ. ಬಿಡಿಬಿಡಿ ಎಂಪಿ3 ಮಾಡಿದರೆ ಎನ್‌ಕೋಡರ್ ಎರಡೂ ತುದಿಗೆ ಚೂರು ಮೌನ ಸೇರಿಸಿ ಜೋಡಣೆಯಲ್ಲಿ ಬಿಕ್ಕಳಿಕೆ ಬರುತ್ತದೆ. ಲೌಡ್‌ನೆಸ್ ಸರಿ ಮಾಡುವುದು ಆಲ್ಬಂ ಲೆಕ್ಕದಲ್ಲಿ, ಹಾಡಿನ ಲೆಕ್ಕದಲ್ಲಲ್ಲ, ಇಲ್ಲದಿದ್ದರೆ ಜೆನೆಸಿಸ್‌ನ ‘ಹೊರೈಜನ್ಸ್’ನ ಒಂಟಿ ಗಿಟಾರು ಕಿಂಗ್ ಕ್ರಿಮ್ಸನ್‌ನ ಅಬ್ಬರದ ‘ಸ್ಕಿಜಾಯ್ಡ್ ಮ್ಯಾನ್’ನಷ್ಟೇ ಕಿರುಚುತ್ತದೆ. ನಾನು ಮೇಲೆ ಕೊಟ್ಟ ನಿಮಿಷಗಳು ಮೂಲ ಮಿಕ್ಸ್‌ನವು. ಸಂಗೀತಗಾರ ಸ್ಟೀವನ್ ವಿಲ್ಸನ್ ಮೂಲ ಟೇಪಿನಿಂದ ಹೊಸದಾಗಿ ಬೆರೆಸಿದ ರೀಮಿಕ್ಸ್ ಇದ್ದರೆ ಸೆಕೆಂಡು ಆಚೀಚೆ ಆಗುತ್ತದೆ. ಕೇಳಲು ಅವೇ ಚಂದ, ನನ್ನ ಮಟ್ಟಿಗೆ, ಆದರೆ ಕ್ಯೂ ಶೀಟಿನಲ್ಲಿ (ಯಾವುದು ಎಷ್ಟು ಹೊತ್ತಿಗೆ ಅನ್ನುವ ಪಟ್ಟಿ) ನಿಮ್ಮ ಫೈಲಿನ ಅಳತೆಯೇ ಇರಲಿ. ಯೆಸ್‌ನ ‘ರೌಂಡ್‌ಅಬೌಟ್’ ಹುಡುಕಿದರೆ 3:27 ರ ಸಿಂಗಲ್ ತುಂಡು ಸಿಗುತ್ತದೆ, ನಿಮಗೆ ಬೇಕಾದ್ದು ಎಂಟೂವರೆ ನಿಮಿಷದ್ದು.

ಮಿಕ್ಸ್ ಮುಗಿಸಿ ಒಮ್ಮೆ ಮೊನೊದಲ್ಲಿ ಕೇಳಿ. ಅಡುಗೆಮನೆಯ ರೇಡಿಯೋದಲ್ಲಿ ಇರುವುದು ಒಂದೇ ಸ್ಪೀಕರು. ಎಫ್‌ಎಂನಲ್ಲಿ 15 ಕಿಲೋಹರ್ಟ್ಜ್‌ಗಿಂತ ಮೇಲೆ ಏನೂ ಹೋಗುವುದಿಲ್ಲ, ಪ್ರಸಾರಕ್ಕೆ ಮೊದಲು ತಾರಕವನ್ನು ಎತ್ತುವ ಪ್ರೀ-ಎಂಫಸಿಸ್‌ನಿಂದ ಆ ಸದ್ದು ಮೊದಲೇ ಉಬ್ಬಿರುತ್ತದೆ. ಹೊಸ ರೀಮಾಸ್ಟರಿನ ಸಿಂಬಲ್ಲು, ನಿಮ್ಮ ‘ಸ’ ‘ಶ’ ಎರಡೂ ಸೀಳುತ್ತವೆ. ಮಾತಿಗೆ ಈ ಸೀಳು ತಗ್ಗಿಸುವ ಡಿ-ಎಸ್ಸರ್ ಹಾಕಿ, 6 ರಿಂದ 8 ಕಿಲೋಹರ್ಟ್ಜ್.

ಮೈಕಿಗೆ ಶ್ಯೂರ್ ಎಸ್‌ಎಂ58 ಸಾಕು. ಎಲ್ಲರೂ ಅದೇ ಕಂಪೆನಿಯ ಎಸ್‌ಎಂ7ಬಿ ಅಂತಾರೆ, ಅದಕ್ಕೆ 60 ಡಿಬಿ ಗೇನ್ ಬೇಕು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸು ಅಷ್ಟಕ್ಕೆ ಏದುಸಿರು ಬಿಡುತ್ತದೆ, ಆಮೇಲೆ ಬೂಸ್ಟರಿಗೆ ಬೇರೆ ದುಡ್ಡು. ಎಡಿಟಿಂಗ್‌ಗೆ ಆಡಾಸಿಟಿ ಧಾರಾಳ. ಬ್ಲೂಟೂತ್ ಹೆಡ್‌ಫೋನ್ ಹಾಕಿ ಕತ್ತರಿಸಬೇಡಿ, ಶಬ್ದ ತಡವಾಗಿ ಬಂದು ನಿಮ್ಮ ಬಾಗಿಲು ಅಷ್ಟು ಆಚೆಗೆ ಸರಿಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯಲ್ಲಿ ರೆಕಾರ್ಡ್ ಮಾಡುವವರಾದರೆ ತಗಡಿನ ಮಾಡಿನ ಕೆಳಗೆ ಕೂರಬೇಡಿ. ಮಳೆಯ ಸದ್ದು ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಹರಡಿರುತ್ತದೆ, ನಾಯ್ಸ್ ರಿಡಕ್ಷನ್ ಹಾಕಿದರೆ ಬಾವಿಯೊಳಗಿನಿಂದ ಮಾತಾಡಿದ ಹಾಗೆ ಆಗುತ್ತದೆ. 12 ಕಂತಿನ ಮಾತನ್ನೂ ಮೇ ತಿಂಗಳೊಳಗೆ ಮುಗಿಸಿ.

ಹಕ್ಕುಗಳು: ಧ್ವನಿಮುದ್ರಣದ ಹಕ್ಕು ಬೇರೆ, ಸಾಹಿತ್ಯ-ಸಂಗೀತದ ಹಕ್ಕು ಬೇರೆ. ಸ್ಟೇಷನ್ನಿನ ಒಪ್ಪಂದ ಯಾರ್ಯಾರ ಜೊತೆ ಉಂಟು, ವಿದೇಶಿ ಲೇಬಲ್ ಅದರಲ್ಲಿ ಬರುತ್ತದಾ ಅಂತ ಪಟ್ಟಿ ಹಿಡಿದೇ ಕೇಳಿ. ಪ್ರಸಾರಕ್ಕೆ ಒಪ್ಪಿಗೆ ಇದೆ ಅಂತ ಪಾಡ್‌ಕಾಸ್ಟಿಗೂ ಇದೆ ಅಂದುಕೊಳ್ಳಬೇಡಿ. ನೆಟ್ಟಿಗೆ ಹಾಕುವುದಾದರೆ ನಿಮ್ಮ ಮಾತಿನ ಭಾಗ ಮಾತ್ರ.

ಒಂಬತ್ತನೆಯ ಕಂತಿಗೆ ‘ಪಂಕ್ ಬಂತು, ಪ್ರೋಗ್ ಸತ್ತಿತು’ ಅಂತ ತಲೆಬರಹ ಕೊಟ್ಟಿದ್ದೀರಿ. ಪಂಕ್ ಅಂದರೆ ಪ್ರೋಗ್‌ಗೆ ಎದುರಾದ ಚುಟುಕು, ಒರಟು ರಾಕ್. 1977 ರಲ್ಲೇ ಯೆಸ್‌ನ ‘ಗೋಯಿಂಗ್ ಫಾರ್ ದಿ ಒನ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು, ಪಿಂಕ್ ಫ್ಲಾಯ್ಡ್‌ನ ‘ಅನಿಮಲ್ಸ್’ ಬಂದದ್ದೂ ಆ ವರ್ಷವೇ. ಆ ತಲೆಬರಹ ತೆಗೆಯಿರಿ. ಅದೇ ಜಾಗಕ್ಕೆ 1973 ರ ಯೆಸ್ ಆಲ್ಬಂ ‘ಟೇಲ್ಸ್ ಫ್ರಂ ಟೋಪೋಗ್ರಾಫಿಕ್ ಓಶನ್ಸ್’ನ ಕಥೆ ತನ್ನಿ: ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರ ಅಂತ ಓದಿ ತಂಡದ ಗಾಯಕ ಜಾನ್ ಆ್ಯಂಡರ್ಸನ್ ಎರಡು ಎಲ್‌ಪಿಯ ನಾಲ್ಕು ಬದಿಗೆ ನಾಲ್ಕು ಹಾಡು ಕಟ್ಟಿಸಿದ. ಕೀಬೋರ್ಡಿನ ರಿಕ್ ವೇಕ್‌ಮನ್‌ಗೆ ಅದು ಹಿಡಿಸದೆ ತಂಡವನ್ನೇ ಬಿಟ್ಟ. ಕೃಷ್ಣಮಠದ ಊರಿನಲ್ಲಿ ಇದನ್ನು ಬಿಟ್ಟು ಪಂಕ್ ಜಗಳ ಹೇಳುವುದು ಎಂತಕ್ಕೆ?

ಪ್ರತಿ ಕಂತಿನ ಕೊನೆಗೆ ‘ಹೊರೈಜನ್ಸ್’ 1:39 ತುಂಬುಫೈಲಾಗಿ ಇಟ್ಟುಕೊಳ್ಳಿ, ಸಮಯ ಉಳಿದರೆ ಅದು, ಉಳಿಯದಿದ್ದರೆ ಇಲ್ಲ. ಎರಡು ಪೆನ್‌ಡ್ರೈವ್, ಎರಡರಲ್ಲೂ ಒಂದೇ ಹೆಸರಿನ ಫೈಲ್, ಹೆಸರಿನಲ್ಲೇ ಕಂತಿನ ಸಂಖ್ಯೆ ಮತ್ತು ಒಟ್ಟು ಸಮಯ. ಮೊದಲ ಕಂತಿನ ಕ್ಯೂ ಶೀಟ್ ಇಲ್ಲೇ ಹಾಕಿ, ಸೆಕೆಂಡು ಸಮೇತ, ನೋಡಿ ಹೇಳುತ್ತೇನೆ.