ಪ್ರತಿ: ಒಗೆದ ಮೇಲೆ ಮಳೆ ಜಾಕೆಟ್ ನೀರು ಹೀರುತ್ತಿದೆ

ಸೋಮವಾರಪೇಟೆ ಮಳೆಗೆ ಹಾಕುವ ಜಾಕೆಟ್ ಒಗೆದ ಮೇಲೆ ನೀರು ಹೀರುತ್ತಿದೆ ಅಂದಿರಿ. ನೀರು ತಡೆಯುವ ಲೇಪ ಹೋಗಿರಲಿಕ್ಕಿಲ್ಲ, ಬಟ್ಟೆಯಲ್ಲಿ ಉಳಿದ ಸೋಪಿನ ಪುಡಿಯೇ ನೀರನ್ನು ಎಳೆಯುತ್ತಿರಬಹುದು. ಬರೀ ನೀರಿನಲ್ಲಿ ನೊರೆ ಪೂರ್ತಿ ನಿಲ್ಲುವ ತನಕ ಜಾಲಿಸಿ, 3 ಸಲವಾದರೂ. ಹಿಂಡದೆ ನೇತುಹಾಕಿ. ಒಲೆ ಮೇಲೆ ಮಾತ್ರ ಬೇಡ, ನನ್ನದೊಂದು ಹೊಗೆಯ ಜಿಡ್ಡು ಹಿಡಿದೇ ಹಾಳಾಯಿತು. ಒಣಗಿದ ಮೇಲೆ ಲೇಬಲ್ ನೋಡಿ. ಇಸ್ತ್ರಿ ಗುರುತಿಗೆ ಅಡ್ಡಗೆರೆ ಇಲ್ಲದಿದ್ದರೆ ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಬಿಸಿಗೆ ಹಳೇ ಲೇಪ ಮತ್ತೆ ಕೆಲಸ ಶುರು ಮಾಡುತ್ತದೆ. ಆಮೇಲೆ ತೋಳಿನ ಮೇಲೆ ನಾಲ್ಕು ಹನಿ ಬಿಡಿ. ಕೆಸುವಿನೆಲೆ ಮೇಲಿನಂತೆ ಉರುಳಿದರೆ ಸರಿ. ಹರಡಿ ಬಟ್ಟೆ ಕಪ್ಪಾದರೆ ಮಾತ್ರ ನೀರುನಿರೋಧಕ ಸ್ಪ್ರೇ ತಂದು ಭುಜ, ತೋಳಿಗೆ ಹೊಡೆಯಿರಿ. ಒಳಗೆ ಹೊಲಿಗೆ ಮೇಲೆ ಅಂಟಿಸಿದ ಪಟ್ಟಿ ಕಿತ್ತುಬಂದಿದ್ದರೆ ನೀರು ಹೊಲಿಗೆಯಿಂದಲೇ ಒಳಬರುತ್ತದೆ, ಸ್ಪ್ರೇಗೆ ದುಡ್ಡು ಹಾಕಬೇಡಿ.