ಮಕ್ಕಳು ಕಟ್ಟುವ ಸರಪಳಿ ಯಂತ್ರ ನಡುವೆಯೇ ನಿಂತುಹೋಗುವುದೇಕೆ?

ಐದನೆಯ ತರಗತಿಯ ಮಕ್ಕಳಿಂದ ಡಾಮಿನೊ (ನೆಟ್ಟಗೆ ನಿಲ್ಲಿಸಿ ಬೀಳಿಸುವ ಚಪ್ಪಟೆ ಬಿಲ್ಲೆ), ಗೋಲಿ, ಸ್ಕೇಲು, ದಾರ, ರಟ್ಟಿನ ಕೊಳವೆಗಳಂಥ ಕೈಗೆ ಸಿಗುವ ವಸ್ತುಗಳಲ್ಲಿ, ಒಂದು ಕದಲಿ ಮುಂದಿನದನ್ನು ಕದಲಿಸುತ್ತ ಸಾಗುವ ಸರಪಳಿ ಯಂತ್ರ ಕಟ್ಟಿಸುತ್ತಿರುವುದಾಗಿಯೂ, ಪ್ರತಿ ಗುಂಪಿನ ಭಾಗ ಬಿಡಿಯಾಗಿ ಚೆನ್ನಾಗಿ ನಡೆದರೂ ಎಲ್ಲವನ್ನೂ ಜೋಡಿಸಿದೊಡನೆ ಎಲ್ಲೋ ಒಂದು ಕಡೆ ನಿಂತುಬಿಡುವುದಾಗಿಯೂ ಬರೆದು, ಏನು ಮಾಡಬೇಕೆಂದು ಕೇಳಿದ್ದೀರಿ. ಇದೇ ವಯಸ್ಸಿನ ಮಕ್ಕಳೊಂದಿಗೆ ಹಲವು ವರ್ಷಗಳಿಂದ ಇಂಥ ಯಂತ್ರಗಳನ್ನು ಕಟ್ಟುತ್ತ ಬಂದಿರುವ ನನಗೆ ಕಂಡಂತೆ, ಇದಕ್ಕೆ ಕಾರಣ ವಸ್ತುಗಳ ಗುಣಮಟ್ಟವೂ ಅಲ್ಲ, ಮಕ್ಕಳ ಅವಸರವೂ ಅಲ್ಲ. ಪ್ರತಿ ಹಂತವೂ ತನ್ನ ಬಲದಿಂದಲೇ ಮುಂದಿನದನ್ನು ತಳ್ಳಿ ನಡೆಸಬೇಕೆಂದು ಮಕ್ಕಳು ಭಾವಿಸಿರುತ್ತಾರೆ. ತೊಡಕು ಹುಟ್ಟುವುದು ಅಲ್ಲಿಯೇ.

ಮೇಲಿನಿಂದ ಉರುಳಿಬಂದ ಗೋಲಿಯ ಶಕ್ತಿ ಪ್ರತಿ ಡಿಕ್ಕಿಯಲ್ಲೂ ಘರ್ಷಣೆಗೆ, ಸದ್ದಿಗೆ, ನಡುಕಕ್ಕೆ ಸ್ವಲ್ಪ ಸ್ವಲ್ಪವೇ ಖರ್ಚಾಗುತ್ತ ಹೋಗುತ್ತದೆ. ಆ ಒಂದು ಗೋಲಿಯನ್ನೇ ನಂಬಿಕೊಂಡ ಯಂತ್ರ ಮೂರು ನಾಲ್ಕು ಹಂತ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಯಂತ್ರ ದೂರ ಸಾಗಬೇಕಾದರೆ ಪ್ರತಿ ಹಂತದಲ್ಲೂ ಶಕ್ತಿಯನ್ನು ಮೊದಲೇ ಕೂಡಿಟ್ಟಿರಬೇಕು: ಇಳಿಜಾರಿನ ತುದಿಯಲ್ಲಿ ನಿಲ್ಲಿಸಿದ ಆಟಿಕೆ ಕಾರು, ಎಳೆದು ಸಿಕ್ಕಿಸಿದ ರಬ್ಬರ್ ಬ್ಯಾಂಡು, ನೆಟ್ಟಗೆ ನಿಂತ ಪುಸ್ತಕ, ಪಕ್ಕಕ್ಕೆಳೆದು ಕಟ್ಟಿಹಾಕಿದ ಲೋಲಕ. ಹಿಂದಿನ ಹಂತಕ್ಕೆ ಇರುವ ಕೆಲಸವೆಂದರೆ ಅದರ ಬೀಗ ತೆಗೆಯುವುದಷ್ಟೇ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮೊದಲ ದಿನವೇ ತೋರಿಸುವುದು ಲೇಸು. ಒಂದು ಡಾಮಿನೊ ತನಗಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದಾದ ಡಾಮಿನೊವನ್ನು ಬೀಳಿಸಬಲ್ಲದೆಂದು ಭೌತವಿಜ್ಞಾನಿ ಲೋರ್ನ್ ವೈಟ್‌ಹೆಡ್ 1983ರಲ್ಲಿ ವಿವರಿಸಿದರು. ಒಂದೂವರೆ ಪಟ್ಟಿನಂತೆ ಆರು ಸಲ ಬೆಳೆದರೆ ಎತ್ತರ ಹನ್ನೊಂದು ಪಟ್ಟು ದಾಟುತ್ತದೆ. ರಬ್ಬರು, ಬೆಂಕಿಪೊಟ್ಟಣ, ಸಣ್ಣ ಡಬ್ಬಿ, ಕಿರುಪುಸ್ತಕ, ಪಠ್ಯಪುಸ್ತಕ, ದಪ್ಪ ನಿಘಂಟು ಹೀಗೆ ಏರಿಕೆಯ ಕ್ರಮದಲ್ಲಿ ನಿಲ್ಲಿಸಿ, ರಬ್ಬರನ್ನು ಬೆರಳ ತುದಿಯಿಂದ ಮುಟ್ಟಿ ಬೀಳಿಸಿರಿ. ನಿಘಂಟು ದಡಾರನೆ ಬಿದ್ದ ಮೇಲೆ, ಅಷ್ಟು ಶಕ್ತಿ ಎಲ್ಲಿಂದ ಬಂತೆಂದು ಕೇಳಿರಿ. ರಬ್ಬರಿನಿಂದ ಬಂತೆಂದೇ ಹೆಚ್ಚಿನವರು ಹೇಳುತ್ತಾರೆ. ನಿಘಂಟನ್ನು ಎತ್ತಿ ನಿಲ್ಲಿಸಿದ ಕೈಯಿಂದ ಬಂತೆಂದು ಯಾವುದಾದರೂ ಮಗು ಹೇಳುವವರೆಗೆ ಕಾಯುವ ತಾಳ್ಮೆ ನಿಮಗಿದ್ದರೆ, ಪ್ರಚ್ಛನ್ನ ಶಕ್ತಿಯ, ಅಂದರೆ ವಸ್ತುವಿನಲ್ಲಿ ಹೀಗೆ ಕೂಡಿಟ್ಟ ಶಕ್ತಿಯ, ಪಾಠ ಅಲ್ಲಿಗೆ ಅರ್ಧ ಮುಗಿದಂತೆ.

ಈ ಬಗೆಯ ಯಂತ್ರಗಳಿಗೆ ತನ್ನ ಹೆಸರನ್ನೇ ಕೊಟ್ಟ ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್ (1883–1970) ಎಂಜಿನಿಯರಿಂಗ್ ಓದಿದವನಾಗಿದ್ದ. ಊಟ ಮಾಡುವವನ ಬಾಯಿ ತಾನಾಗಿ ಒರೆಸುವ ಯಂತ್ರವೊಂದನ್ನು ಆತ 1931ರಲ್ಲಿ ಚಿತ್ರಿಸಿದ. ಅದರಲ್ಲಿ ಗಿಳಿ ಹಾರಿದಾಗ ಕೋಲು ವಾಲಿ ಕಾಳುಗಳು ಚೆಲ್ಲುತ್ತವೆ, ಕಾಳು ತುಂಬಿದ ಬಕೆಟ್ಟು ಭಾರವಾಗಿ ದಾರವನ್ನೆಳೆಯುತ್ತದೆ, ಕೊನೆಗೆ ಕುಡುಗೋಲೊಂದು ದಾರವನ್ನು ಕತ್ತರಿಸಿ, ಕರವಸ್ತ್ರ ಕಟ್ಟಿದ ಲೋಲಕವನ್ನು ಬಿಡುಗಡೆ ಮಾಡುತ್ತದೆ. ಕುಡುಗೋಲು ಲೋಲಕವನ್ನು ತಳ್ಳುವುದಿಲ್ಲ, ಬಿಡಿಸುತ್ತದೆ ಎಂಬುದನ್ನು ಮಕ್ಕಳ ಗಮನಕ್ಕೆ ತನ್ನಿರಿ. ಆದರೆ ಕಟ್ಟುವ ಮುನ್ನ ಮಕ್ಕಳಿಂದ ಇಂಥ ಚಿತ್ರ ಬರೆಸುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಕಾಗದದ ಮೇಲಿನ ಗಿಳಿ ಹೇಳಿದ ಮಾತು ಕೇಳುತ್ತದೆ, ಮೇಜಿನ ಮೇಲಿನ ಗೋಲಿ ಕೇಳುವುದಿಲ್ಲ. ಯಂತ್ರ ನಡೆದ ನಂತರ ಅದನ್ನು ನೋಡಿ ಬರೆದ ಚಿತ್ರವೇ ಹೆಚ್ಚು ಕಲಿಸುತ್ತದೆ.

ಈಗ ಬೀಗದ ವಿಷಯ. ಇಳಿಜಾರಿನ ಮೇಲೆ ಕಾರನ್ನಿಟ್ಟು, ಅದರ ಮುಂದೆ ಕಡ್ಡಿಯೊಂದನ್ನು ಅಡ್ಡವಿರಿಸಿ, ಬೀಳುವ ಡಾಮಿನೊ ಆ ಕಡ್ಡಿಯನ್ನು ಎಳೆಯಲೆಂದು ಮಕ್ಕಳು ದಾರ ಕಟ್ಟುತ್ತಾರೆ. ಕಾರು ಪೂರ್ತಿ ಕಡ್ಡಿಗೆ ಒರಗಿರುವುದರಿಂದ ಘರ್ಷಣೆ ಹೆಚ್ಚಿ ಕಡ್ಡಿ ಕದಲುವುದಿಲ್ಲ, ದಾರ ಬಿಗಿಯಾಗಿ ಡಾಮಿನೊ ಅರ್ಧಕ್ಕೇ ತೂಗಿ ನಿಲ್ಲುತ್ತದೆ. ಕಡ್ಡಿಯನ್ನು ತೆಗೆದುಹಾಕಿ, ಇಳಿಜಾರಿನ ನೆತ್ತಿಯಲ್ಲಿ ಒಂದು ಗೇಣಿನಷ್ಟು ರಟ್ಟನ್ನು ಸಮತಟ್ಟಾಗಿರಿಸಿ, ಕಾರಿನ ಮುಂದಿನ ಚಕ್ರಗಳು ಅಂಚಿನ ಸಮೀಪಕ್ಕೆ ಬರುವಂತೆ ನಿಲ್ಲಿಸಿದರೆ, ಡಾಮಿನೊ ಹಿಂದಿನಿಂದ ಮೆಲ್ಲನೆ ತಾಕಿದರೂ ಸಾಕು. ಅಂಚಿಗೆ ತೀರ ಹತ್ತಿರವಿದ್ದರೆ ಯಾರೋ ಮೇಜಿಗೆ ಕೈಯೂರಿದಾಗಲೇ ಹೊರಡುತ್ತದೆ, ದೂರವಿದ್ದರೆ ತಾಕಿದರೂ ಹೊರಡದು. ಆ ಜಾಗವನ್ನು ಮಕ್ಕಳೇ ಹುಡುಕಿ, ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಲಿ. ಗುರುತಿಲ್ಲದಿದ್ದರೆ ಪ್ರತಿ ಬಾರಿಯೂ ಮತ್ತೆ ಹುಡುಕಬೇಕಾಗುತ್ತದೆ. ಹಾಗೆಯೇ, ಚಲಿಸಬೇಕಾದದ್ದು ಚಲಿಸದಿರುವುದಕ್ಕಿಂತ, ಚಲಿಸಬಾರದ ಕೊಳವೆ, ಆಧಾರದ ಪುಸ್ತಕ, ರಟ್ಟುಗಳು ಸರಿದುಹೋಗುವುದರಿಂದಲೇ ಹೆಚ್ಚು ಕೆಡುಕಾಗುತ್ತದೆ. ಅವನ್ನೆಲ್ಲ ಮಾಸ್ಕಿಂಗ್ ಟೇಪಿನಿಂದ ಮೇಜಿಗೆ ಅಂಟಿಸಿಬಿಡಿ.

ಗುಂಪುಗಳ ನಡುವಿನ ಜೋಡಣೆಗೆ ನಾನು ಒಂದೇ ನಿಯಮವಿಡುತ್ತೇನೆ: ಪ್ರತಿ ಗುಂಪಿನ ಭಾಗವೂ ಒಂದು ಡಾಮಿನೊ ಬೀಳುವುದರಿಂದ ಆರಂಭವಾಗಿ, ಇನ್ನೊಂದು ಡಾಮಿನೊ ಬೀಳುವುದರಲ್ಲಿ ಮುಗಿಯಬೇಕು. ನಡುವೆ ಅವರು ಏನು ಬೇಕಾದರೂ ಮಾಡಿಕೊಳ್ಳಲಿ. ಹೀಗಿದ್ದರೆ ಗುಂಪುಗಳ ಕ್ರಮ ಬದಲಿಸಲೂ ಅಡ್ಡಿಯಿಲ್ಲ, ಒಬ್ಬರ ಭಾಗ ಇನ್ನೂ ಸಿದ್ಧವಾಗಿಲ್ಲವೆಂದು ಉಳಿದವರು ಕಾಯಬೇಕಾಗಿಯೂ ಇಲ್ಲ. ಎರಡು ಭಾಗಗಳು ಕೂಡುವ ಜಾಗದ ಹೊಣೆಯನ್ನು ಎರಡೂ ಗುಂಪುಗಳಿಗೆ ಒಟ್ಟಾಗಿ ಕೊಡಿ, ಇಲ್ಲವಾದರೆ ತಪ್ಪು ಯಾವಾಗಲೂ ಆಚೆಯವರದ್ದೇ ಆಗಿರುತ್ತದೆ. ಜಗಳ ಬಂದಾಗ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಎಲ್ಲರೂ ನೋಡುವುದು ಒಳ್ಳೆಯ ಪಂಚಾಯ್ತಿ.

ಬಿಡಿಯಾಗಿ ನಡೆದದ್ದು ಒಟ್ಟಿಗೆ ಏಕೆ ನಡೆಯುವುದಿಲ್ಲ ಎಂಬ ನಿಮ್ಮ ಪ್ರಶ್ನೆಗೆ ಲೆಕ್ಕದ ಉತ್ತರವೂ ಇದೆ. ಹತ್ತು ಹಂತಗಳಿದ್ದು, ಪ್ರತಿಯೊಂದೂ ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ನಡೆಯುವುದಾದರೆ, ಇಡೀ ಯಂತ್ರ ಕೊನೆ ಮುಟ್ಟುವ ಸಾಧ್ಯತೆ ಶೇಕಡ 35ರಷ್ಟು ಮಾತ್ರ. ಅದೇ ಪ್ರತಿ ಹಂತವೂ ನೂರಕ್ಕೆ 98 ಸಲ ನಡೆದರೆ ಅದು ಶೇಕಡ 82ರ ಹತ್ತಿರ ಬರುತ್ತದೆ. ಆದ್ದರಿಂದ ಒಮ್ಮೆ ನಡೆದದ್ದನ್ನು ಆಯಿತೆಂದು ಬಿಡಬಾರದು. ಬಿಡದೆ ಸಾಲಾಗಿ ಐದಾರು ಸಲ ನಡೆದ ಮೇಲೆಯೇ ಮುಂದಿನ ಹಂತಕ್ಕೆ ಕೈಹಾಕಬೇಕು. ಕಟ್ಟುವುದನ್ನು ಕೊನೆಯಿಂದ ಆರಂಭಿಸಿರಿ: ಮೊದಲು ಗಂಟೆ ಬಾರಿಸುವ ಹಂತ, ಆಮೇಲೆ ಅದರ ಹಿಂದಿನದು. ಹಾಗೆ ಮಾಡಿದರೆ ಪ್ರತಿ ಪರೀಕ್ಷೆಯಲ್ಲೂ ಗಂಟೆ ಬಾರಿಸುತ್ತದೆ. ಮಕ್ಕಳ ಉತ್ಸಾಹ ಕುಗ್ಗದಿರಲು ಅದು ಸಣ್ಣ ವಿಷಯವಲ್ಲ.

ಗಾಜು, ಬೆಂಕಿ, ಬಟನ್ ಸೆಲ್, ಬಲವಾದ ಪುಟ್ಟ ಅಯಸ್ಕಾಂತಗಳನ್ನು ದೂರವಿಡಿ. ತೀರ ಚಿಕ್ಕ ಮಕ್ಕಳು ಸುಳಿದಾಡುವ ಕಡೆ ಗೋಲಿಯ ಬದಲು ದೊಡ್ಡ ಚೆಂಡು ಬಳಸಿರಿ. ಡಾಮಿನೊಗಳನ್ನು ಅವುಗಳ ಎತ್ತರದ ಅರ್ಧದಷ್ಟು ಅಂತರದಲ್ಲಿ ನಿಲ್ಲಿಸಿ, ಉದ್ದ ಸಾಲಿನ ನಡುವೆ ಅಲ್ಲಲ್ಲಿ ಎರಡು ಮೂರನ್ನು ಕೊನೆಯ ಗಳಿಗೆಯವರೆಗೂ ಇಡದೆ ಬಿಟ್ಟಿದ್ದರೆ, ಯಾರದ್ದಾದರೂ ಮೊಣಕೈ ತಗುಲಿದರೂ ಇಡೀ ಸಾಲು ಬೀಳುವುದಿಲ್ಲ. ಪ್ರದರ್ಶನದ ದಿನ ಪ್ರತಿ ಜೋಡಣೆಯ ಬಳಿ ಒಂದು ಮಗುವನ್ನು ನಿಲ್ಲಿಸಿ, ಯಂತ್ರ ಅಲ್ಲಿ ನಿಂತರೆ ಒಂದೇ ಬೆರಳಿನಿಂದ ಒಮ್ಮೆ ತಾಕಿಸಿ ಮುಂದುವರಿಸಬಹುದೆಂದು ಮೊದಲೇ ಎಲ್ಲರಿಗೂ ತಿಳಿಸಿರಿ. ಎಷ್ಟು ಸಲ ಬೆರಳು ಬೇಕಾಯಿತೆಂಬ ಎಣಿಕೆಯನ್ನು ಹಲಗೆಯ ಮೇಲೆ ಬರೆದಿಟ್ಟರೆ, ಮರುದಿನ ಅದನ್ನು ಇಳಿಸಲು ಮಕ್ಕಳೇ ಹಟ ಹಿಡಿಯುತ್ತಾರೆ.