ಬೇರೆ ಬೇರೆ ದೇಶದ ಮಿಷನ್‌ಗಳು ಕಟ್ಟಿದ ಚರ್ಚುಗಳು ನಿಜವಾಗಿ ಒಂದಾದ ಉದಾಹರಣೆ ಇದೆಯಾ?

ಇದೆ, ನಮ್ಮ ಊರುಗಳಲ್ಲೇ ಇದೆ. 'ಸಿ.ಎಸ್.ಐ.' ಅನ್ನೋ ಬೋರ್ಡು ನೋಡಿರುತ್ತೀರಿ. ಅದೇ 'ಚರ್ಚ್ ಆಫ್ ಸೌತ್ ಇಂಡಿಯಾ', ಅಂದರೆ ದಕ್ಷಿಣ ಭಾರತ ಸಭೆ. ಇಲ್ಲಿ ಸಭೆ ಅಂದರೆ ಚರ್ಚು. ಅದರ ಗುರುತಿನಲ್ಲಿ ಶಿಲುಬೆಯ ಜೊತೆ ತಾವರೆಯೂ ಇರುತ್ತದೆ.

ಮೊದಲು ಇಲ್ಲಿ ಬೇರೆ ಬೇರೆ ಕ್ರೈಸ್ತ ಪಂಗಡಗಳ ಮಿಷನ್‌ಗಳಿದ್ದವು: ಇಂಗ್ಲೆಂಡಿನ ಆಂಗ್ಲಿಕನ್ನರು, ಮೆಥಡಿಸ್ಟರು, ಸ್ಕಾಟ್‌ಲೆಂಡಿನ ಪ್ರೆಸ್ಬಿಟೇರಿಯನ್ನರು, ಅಮೆರಿಕದ ಕಾಂಗ್ರಿಗೇಷನಲ್‌ನವರು, ಹೀಗೆ ಒಬ್ಬೊಬ್ಬರದು ಒಂದೊಂದು ಚರ್ಚು. ಜಗಳ ಅವರ ದೇಶದ್ದು, ಹೊರೆ ಮಾತ್ರ ಇಲ್ಲಿನವರ ತಲೆಗೆ! 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ 33 ಜನ ಸೇರಿ, ಇನ್ನು ಒಂದಾಗೋಣ ಅಂದರು. ಇಬ್ಬರನ್ನು ಬಿಟ್ಟು ಎಲ್ಲರೂ ಭಾರತೀಯರು. ಮುಂದಾಳು ಬಿಷಪ್ (ಪಾದ್ರಿಗಳ ಮೇಲಿನ ಹಿರಿಯ ಗುರು) ವಿ.ಎಸ್. ಅಜರಯ್ಯ.

ಆಮೇಲೆ 28 ವರ್ಷ ಮಾತುಕತೆ ನಡೆಯಿತು. ದೊಡ್ಡ ಕಗ್ಗಂಟು ಅಂದರೆ ಪಾದ್ರಿಯಾಗಲು ಕೊಡುವ ದೀಕ್ಷೆ. ಪಾದ್ರಿಗೆ ಬಿಷಪ್ಪೇ ತಲೆ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟಿರಬೇಕು ಅನ್ನೋದು ಆಂಗ್ಲಿಕನ್ನರ ಪಟ್ಟು. ಉಳಿದವರಲ್ಲಿ ಬಿಷಪ್ಪರೇ ಇರಲಿಲ್ಲ. ಕೊನೆಗೆ, ಈಗಿರುವ ಪಾದ್ರಿಗಳು ಹಾಗೇ ಮುಂದುವರಿಯಲಿ, ಹೊಸಬರಿಗೆ ಮಾತ್ರ ಬಿಷಪ್ ದೀಕ್ಷೆ ಕೊಡಲಿ ಅಂತ ಒಪ್ಪಿದರು. ಜಾಣತನ ಅಲ್ವಾ?

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಹೊಸ ಸಭೆ ಹುಟ್ಟಿತು. ಅದನ್ನು ನೋಡಲು ಅಜರಯ್ಯ ಇರಲಿಲ್ಲ, 1945ರಲ್ಲೇ ತೀರಿಕೊಂಡಿದ್ದರು. ಒಳಗಿನ ಜಾತಿ ಭೇದ ಮಾತ್ರ ಸಹಿ ಹಾಕಿದಷ್ಟು ಸಲೀಸಾಗಿ ಹೋಗಲಿಲ್ಲ.